ಸಂತನ ಪಾದವಿದ್ದ ಪೆಟ್ಟಿಗೆ

ಎರಡನೆಯ ಕಲ್ಲು ಕಾರ್ಯಾಗಾರದ ಕಿಟಕಿಯನ್ನು ಪುಡಿ ಮಾಡಿಕೊಂಡು ಒಳಗೆ ಬಂತು. ಮೊದಲನೆಯದು ಬಾಗಿಲಿಗೆ ಬಡಿದಿತ್ತು. ಇದು ನೇರವಾಗಿ ಕ್ಲೆಮಾನ್ಸ್ ಬೆಕಾರಳ ಹುಬ್ಬಿಗೆ ಬಿತ್ತು.

ಅವಳು ಕೂಗಲಿಲ್ಲ. ಕೈಯಲ್ಲಿ ಸಂತ ಸ್ತೇಫನನ ಕೆನ್ನೆಯ ಗಾಜಿನ ತುಂಡಿತ್ತು. ಅದನ್ನು ಮೊದಲು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಆಮೇಲೆ ಹಣೆಗೆ ಅಂಗೈ ಒತ್ತಿಕೊಂಡು ಕುಸಿದಳು. ಬೆರಳ ಸಂದಿಯಿಂದ ರಕ್ತ ಇಳಿದು ಮೊಣಕೈವರೆಗೂ ಹರಿಯಿತು.

"ಮೇಜಿನ ಕೆಳಗೆ ಹೋಗಮ್ಮ! ಬಗ್ಗು!"

ಇನ್ಸ್‌ಪೆಕ್ಟರ್ ಲಜಾರ್ ಗೆರಿನೋ ಅವಳ ಭುಜ ಹಿಡಿದು ಒತ್ತಿದ. ಮತ್ತೊಂದು ಕಲ್ಲು ಅವನ ಟೋಪಿಯನ್ನು ಹಾರಿಸಿಕೊಂಡು ಹೋಗಿ ಗೋಡೆಗೆ ಬಡಿಯಿತು.

"ಆಚೆ ಕಳಿಸ್ರೀ ಆ ಕೊಲೆಗಾತೀನ!"

"ಗಂಡ ಐದು ಜನರನ್ನ ತಿಂದ, ಹೆಂಡ್ತಿ ಮೇಸ್ತ್ರೀನ ತಿಂದ್ಲು!"

"ಆವತ್ತು ಕೂದಲು ಬೋಳಿಸಿದ್ದು ಸಾಲಲಿಲ್ಲ ಇವಳಿಗೆ! ಇವತ್ತು ತಲೇನೇ ಇಳಿಸ್ತೀವಿ!"

ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಕಿಟಕಿ ಏರಿಸಲು ಕಟ್ಟಿದ್ದ ಅಟ್ಟಣಿಗೆಯ ಕೆಳಗೆ ಆನ್ಸೆಲ್ಮ್ ಕುರ್ತೋ ಮೇಸ್ತ್ರಿಯ ಹೆಣ ಸಿಕ್ಕಂದಿನಿಂದ ಮಾರ್ಸೊಲ್ ಊರು ಹೀಗೇ ಕುದಿಯುತ್ತಿತ್ತು. ಹಿಟ್ಲರನ ಯುದ್ಧ ಶುರುವಾದಾಗ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳನ್ನೆಲ್ಲ ಬಿಚ್ಚಿ, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿಟ್ಟು ಕಾಪಾಡಿದವನು ಆತ. ಯುದ್ಧ ಮುಗಿದ ಮೇಲೆ ಆ ಗಾಜುಗಳನ್ನು ಒಂದೊಂದಾಗಿ ತೊಳೆದು, ಹೊಸ ಸೀಸದ ಪಟ್ಟಿ ಕಟ್ಟಿ, ತಿರುಗಿ ಏರಿಸುತ್ತಿದ್ದವನೂ ಅವನೇ. ಕೊನೆಯ ಕಿಟಕಿ ಮಾತ್ರ ಬಾಕಿಯಿತ್ತು. ಕಲ್ಲೇಟಿನಿಂದ ಸತ್ತ ಸಂತ ಸ್ತೇಫನನದು.

ಹೊರಗೆ ಪೇದೆ ಬುರ್ಲೋ ಗಾಳಿಯಲ್ಲಿ ಒಂದು ಗುಂಡು ಹಾರಿಸಿದ. ಗುಂಪು ಹಿಂದೆ ಸರಿಯಿತೇ ಹೊರತು ಚದುರಲಿಲ್ಲ. ಚದುರಿಸಿದ್ದು ಇನ್ನೊಂದು ದನಿ.

"ಏನ್ರೋ ಇದು? ನಾಚಿಕೆ ಆಗಲ್ವಾ? ಪೊಲೀಸ್ರು ಸತ್ತೋಗಿದಾರಾ? ನಡೀರಿ ಮನೆಗೆ. ಏಯ್ ಮಾರ್ಸೋ, ಕೈಲಿರೋ ಕಲ್ಲು ಕೆಳಗೆ ಹಾಕು!"

ಒರೇಲಿಯಾಂ ತೆಸ್ತಾರ್. ಊರಿನ ದೊಡ್ಡ ದ್ರಾಕ್ಷಿ ತೋಟ ಅವನದು, ಅತಿ ಆಳದ ನೆಲಮಾಳಿಗೆಯೂ ಅವನದೇ. ಜರ್ಮನ್ನರ ವಿರುದ್ಧ ಗುಟ್ಟಾಗಿ ದಳ ಕಟ್ಟಿದವನೆಂದು ಸರ್ಕಾರ ಕೊಟ್ಟ ಪದಕದ ಕೆಂಪು ಪಟ್ಟಿ ಕೋಟಿನ ಮೇಲಿಂದ ಇಳಿದದ್ದೇ ಇಲ್ಲ. ಅವನ ಮಾತಿಗೆ ಜನ ಹಟ್ಟಿಗೆ ಹೋಗುವ ದನಗಳಂತೆ ತಿರುಗಿ ನಡೆದರು.

"ಇವಳನ್ನ ಪಟ್ಟಣದ ಜೈಲಿಗೆ ಕರ್ಕೊಂಡ್ ಹೋಗಿಬಿಡಿ ಸಾಹೇಬ್ರೇ," ಎಂದ ಬಾಗಿಲಲ್ಲಿ ನಿಂತು. "ಅವಳಿಗೂ ಒಳ್ಳೇದು, ಊರಿಗೂ ಒಳ್ಳೇದು. ನಾನು ಪ್ರತಿ ಸಲ ಅಡ್ಡ ಬರೋಕಾಗಲ್ಲ."

"ಸಾಕ್ಷಿ ಬೇಕಲ್ಲ."

"ಮೇಸ್ತ್ರಿ ಸಾಯೋ ಹಿಂದಿನ ದಿನ ಇಲ್ಲೇ ಇವಳು ಕಿರುಚಾಡಿದ್ದು ಬೀದಿಯವರೆಲ್ಲ ಕೇಳಿದಾರೆ. ಇನ್ನೇನು ಸಾಕ್ಷಿ?"

ತೆಸ್ತಾರ್ ಟೋಪಿ ಮುಟ್ಟಿ ಹೊರಟುಹೋದ.

ಕ್ಲೆಮಾನ್ಸಳ ಹಣೆಗೆ ಗೆರಿನೋ ತನ್ನ ಕರವಸ್ತ್ರವನ್ನೇ ಬಿಗಿದ. ನಲವತ್ತರ ಹತ್ತಿರದ ಹೆಂಗಸು. ಕೂದಲು ತಿರುಗಿ ಉದ್ದ ಬೆಳೆದಿದ್ದರೂ ಸದಾ ಬಟ್ಟೆ ಕಟ್ಟಿ ಮುಚ್ಚಿಕೊಂಡಿರುತ್ತಿದ್ದಳು. ಯುದ್ಧದ ಕೊನೆಯ ಬೇಸಿಗೆಯಲ್ಲಿ ಯಾರೋ ಸುಳಿವು ಕೊಟ್ಟು, ಗುಟ್ಟಿನ ದಳದ ಐವರನ್ನು ಜರ್ಮನ್ನರು ಕಲ್ಲುಗಣಿಯಲ್ಲಿ ನಿಲ್ಲಿಸಿ ಗುಂಡಿಟ್ಟರು. ಅದೇ ದಿನದಿಂದ ಇವಳ ಗಂಡ, ಶಾಲಾ ಮಾಸ್ತರ ನೋಯೆಲ್ ಬೆಕಾರ್, ಕಾಣೆ. ಅವನು ಜರ್ಮನ್ನರ ಟ್ರಕ್ಕು ಹತ್ತಿದ್ದನ್ನು ಕಣ್ಣಾರೆ ಕಂಡೆನೆಂದು ತೆಸ್ತಾರ್ ಹೇಳಿದ. ಊರಿಗೆ ಅಷ್ಟು ಸಾಕಾಯಿತು. ಓಡಿಹೋದ ಗಂಡನ ಬದಲು ಹೆಂಡತಿಯನ್ನು ಚೌಕಕ್ಕೆ ಎಳೆತಂದು ಕುರಿ ಬೋಳಿಸುವ ಕತ್ತರಿ ಹಾಕಿದರು. ಅವಳಿಗೆ ಆಮೇಲೆ ಕೆಲಸ ಕೊಟ್ಟವನು ಆನ್ಸೆಲ್ಮ್ ಮೇಸ್ತ್ರಿ ಒಬ್ಬನೇ.

"ಜಗಳ ಯಾಕಾಯ್ತು?" ಗೆರಿನೋ ಕೇಳಿದ.

"ಕೆಲಸದ ವಿಷಯ."

"ಕೆಲಸದ ಯಾವ ವಿಷಯ?"

"ಅವರು ಹಟ ಮಾಡ್ತಿದ್ರು. ನಾನು ಬೇಡ ಅಂದೆ. ಅಷ್ಟೇ."

ಗೆರಿನೋ ಎದ್ದು ಮೇಜಿನ ಸುತ್ತ ನಡೆದ.

ಕಿಟಕಿಯ ಚಿತ್ರ ಇಡಿಯಾಗಿ ಮೇಜಿನ ಮೇಲೆ ಹರಡಿತ್ತು. ಕಲ್ಲು ಎತ್ತಿದ ಕೈಗಳು, ಕೆಂಪು ಅಂಗಿಗಳು, ನಡುವೆ ಮೊಣಕಾಲೂರಿದ ಸಂತ. ಸೀಸ ಕಟ್ಟುವಾಗ ತುಂಡುಗಳು ಜರುಗದಂತೆ ಸುತ್ತಲೂ ಕುದುರೆ ಲಾಳದ ಚಪ್ಪಟೆ ಮೊಳೆಗಳನ್ನು ಹೊಡೆದಿದ್ದರು. ಕೆಳಗಿನ ಒಂದು ಫಲಕ ಮಾತ್ರ ಇರಲಿಲ್ಲ. ಸಂತನಿಗೆ ಪಾದಗಳಿರಲಿಲ್ಲ.

"ಇದೆಲ್ಲಿ?"

"ಬಿಚ್ಚುವಾಗಲೇ ಒಡೆದುಹೋಯ್ತು ಅಂತಾರೆ."

"ಯಾರಂತಾರೆ?"

"ಎಲ್ರೂ."

"ಮೇಸ್ತ್ರಿ ಹಾಗನ್ನಲಿಲ್ಲ. ಶನಿವಾರ ಹೋಟೆಲಲ್ಲಿ ಕೂತು, ನಾಳೆ ಸಂತನ ಪಾದ ತರ್ತೀನಿ ಅಂದ್ರಂತೆ. ಅಲ್ಲಿದ್ದವರು ಕುಡಿದ ಮಾತು ಅಂತ ನಕ್ಕರಂತೆ."

ಕ್ಲೆಮಾನ್ಸ್ ನೆಲ ನೋಡುತ್ತಾ ಕೂತಿದ್ದಳು. ಹಣೆಯ ಬಟ್ಟೆ ಕೆಂಪಾಗುತ್ತಿತ್ತು.

ಗೆರಿನೋ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಹೆಣದ ಕೆಳಗೆ ಸಿಕ್ಕ ಗಾಜಿನ ಚೂರುಗಳು.

"ನೋಡಮ್ಮ. ಮೇಸ್ತ್ರಿ ಗಾಜು ಹಿಡ್ಕೊಂಡು ಅಟ್ಟಣಿಗೆಯಿಂದ ಬಿದ್ದ, ಇಲ್ಲಾ ನೀನು ತಳ್ಳಿದೆ ಅಂತ ಊರು ಹೇಳುತ್ತೆ. ಬಿದ್ದಿದ್ರೆ ಚೂರು ಮೈಮೇಲೂ ಇರ್ಬೇಕಿತ್ತು. ಒಂದೂ ಇರಲಿಲ್ಲ. ಎಲ್ಲ ಬೆನ್ನ ಕೆಳಗೆ. ಮೊದಲು ಗಾಜು ಒಡೆದು ಹರಡಿ, ಆಮೇಲೆ ಹೆಣ ತಂದು ಮಲಗಿಸಿದಾರೆ. ಅದೂ ಅಂಗಡಿಯ ಹೊಸ ಗಾಜು. ಪಕ್ಕದಲ್ಲೇ ಹಳೇ ಗಾಜಿತ್ತು, ಅದನ್ನ ಒಡೆಯೋಕೆ ಕೈ ಬಂದಿಲ್ಲ."

"ದೇವರ ಭಯ ಇರೋರು ಯಾರೋ," ಎಂದಳು ಮೆಲ್ಲಗೆ.

"ಇರಬಹುದು. ತಲೆ ಒಡೆದಿದ್ದು ಕಬ್ಬಿಣದಿಂದ. ಉಗುರಲ್ಲಿ ಬಿಳಿ ಸುಣ್ಣಕಲ್ಲಿನ ಪುಡಿ, ಕೊಳೆತ ಹುಲ್ಲು. ಈ ಊರಲ್ಲಿ ಸುಣ್ಣಕಲ್ಲು ಕೊರೆದು ಮಾಡಿದ ನೆಲಮಾಳಿಗೆ, ಗಾಜಿನ ಪೆಟ್ಟಿಗೆಗಳನ್ನ ಬಚ್ಚಿಟ್ಟ ನೆಲಮಾಳಿಗೆ, ಯಾರದು?"

ಅವಳು ತಟ್ಟನೆ ತಲೆಯೆತ್ತಿದಳು. "ಬೇಡ ಸಾಹೇಬ್ರೇ."

"ಯಾಕೆ?"

"ಅಲ್ಲಿಗೆ ಹೋಗ್ಬೇಡಿ. ನನ್ನ ಜೈಲಿಗೆ ಹಾಕಿ. ನಾನೇ ಕೊಂದೆ ಅಂತ ಬರ್ಕೊಳ್ಳಿ. ಸತ್ತೋರನ್ನ ಅವರ ಪಾಡಿಗೆ ಬಿಟ್ಟುಬಿಡಿ."

ಟ್ರಕ್ಕಿನ ಕಥೆ ಸುಳ್ಳು, ನೋಯೆಲ್‌ನ ಹೆಣ ಆ ನೆಲಮಾಳಿಗೆಯಲ್ಲೇ ಇದೆ ಎಂದು ಗೆರಿನೋಗೆ ಹೊಳೆಯಿತು. ಗಂಡನ ಎಲುಬು ಕಾಣುವ ಭಯಕ್ಕಿಂತ ಮರಣದಂಡನೆಯೇ ಮೇಲೆಂದುಕೊಂಡಿದ್ದಾಳೆ ಎಂದು ಅವನು ಅರ್ಥ ಮಾಡಿಕೊಂಡ. ಗಂಡ ದ್ರೋಹಿಯಲ್ಲವೆಂದು ಅವಳ ಕಣ್ಣೆದುರೇ ರುಜುವಾಗಲಿ ಎಂದು ನಿರ್ಧರಿಸಿದ.

"ಏಳು. ನೀನೂ ಬರ್ತೀಯ," ಎಂದ.

ಮಧ್ಯಾಹ್ನದ ಊಟದ ಹೊತ್ತು. ತೆಸ್ತಾರನ ಮನೆಯಲ್ಲಿ ಕರುಳಿನ ಸಾಸೇಜು ಹುರಿಯುವ ವಾಸನೆ ಬೀದಿಗೂ ಬರುತ್ತಿತ್ತು. ಅವನು ಕೊರಳಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯಲ್ಲೇ ಬಾಯಿ ಒರೆಸಿಕೊಳ್ಳುತ್ತಾ ಎದ್ದು ಬಂದ.

"ನೆಲಮಾಳಿಗೆನಾ? ಧಾರಾಳವಾಗಿ ನೋಡಿ. ಪೆಟ್ಟಿಗೆ ಎಲ್ಲ ಯಾವತ್ತೋ ಕಳಿಸಿದ್ದಾಯ್ತು. ಈಗ ಬರೀ ಬಾಟಲಿ. ಕುಡಿಯೋ ಹಾಗಿದ್ರೆ ಹೇಳಿ."

ದೀಪ ಹಿಡಿದು ಅವನೇ ಮುಂದೆ ಇಳಿದ. ಗೆರಿನೋ ಹಿಂದೆ, ಅವನ ಹಿಂದೆ ಕ್ಲೆಮಾನ್ಸ್, ಕೊನೆಗೆ ಕಬ್ಬಿಣದ ಸನಿಕೆ ಹೊತ್ತ ಬುರ್ಲೋ. ಕೆಳಗೆ ಬಿಳಿ ಗೋಡೆಗಳು ಬೆವೆತಿದ್ದವು. ಸುರಂಗದ ಎರಡೂ ಬದಿ ಶಾಂಪೇನ್ ಬಾಟಲಿಗಳು ಆಳೆತ್ತರ ಪೇರಿಸಿದ್ದವು, ಒಂದೊಂದರ ಮೇಲೂ ಬೆರಳು ದಪ್ಪದ ಧೂಳು.

ಕೊನೆಯ ಸಾಲಿನ ಮುಂದೆ ಗೆರಿನೋ ನಿಂತ. ಇಲ್ಲಿ ಬಾಟಲಿಗಳ ಮೇಲೆ ಧೂಳು ಅಲ್ಲಲ್ಲಿ ಅಳಿಸಿತ್ತು.

"ಇದನ್ನ ಯಾವಾಗ ಮುಟ್ಟಿದ್ದು ತೆಸ್ತಾರ್?"

"ಮುಟ್ಟಿಲ್ಲ." ಅವನ ಹುಬ್ಬು ಗಂಟಾಯಿತು. ಅದು ನಟನೆಯಲ್ಲ. "ಈ ಸಾಲು ಯಾರೂ ಮುಟ್ಟಲ್ಲ."

"ಬುರ್ಲೋ, ಇಳಿಸು."

ಬುರ್ಲೋ ಬಾಟಲಿ ಇಳಿಸುತ್ತಾ ಹೋದ. ಹಿಂದೆ ಗೋಡೆಯಲ್ಲೊಂದು ತಗ್ಗು ಗೂಡು, ಅದರಲ್ಲೊಂದು ಉದ್ದನೆಯ ಮರದ ಪೆಟ್ಟಿಗೆ. ಚರ್ಚಿನ ಶಿಲುಬೆಯ ಗುರುತು ಇನ್ನೂ ಮಾಸಿರಲಿಲ್ಲ. ಇಬ್ಬರೂ ಸೇರಿ ಅದನ್ನು ಹೊರಗೆಳೆದರು. ತೆಸ್ತಾರ್ ಸಹಾಯಕ್ಕೆ ಬರಲಿಲ್ಲ. ದೀಪವನ್ನು ಕ್ಲೆಮಾನ್ಸಳ ಕೈಗೆ ಕೊಟ್ಟು ಸುಮ್ಮನೆ ನಿಂತ.

ಗೆರಿನೋ ಬಗ್ಗಿ ಮುಚ್ಚಳ ಸವರಿದ. ಹಲಗೆ ಹಳೆಯದು, ಮೊಳೆ ಹೊಸವು. ಚಪ್ಪಟೆ ಮೊಳೆಗಳು. ಬೆಳಿಗ್ಗೆಯಷ್ಟೇ ಕಾರ್ಯಾಗಾರದ ಮೇಜಿನ ಮೇಲೆ ಕಂಡಿದ್ದ ಕುದುರೆ ಲಾಳದ ಮೊಳೆಗಳು.

ಮೇಸ್ತ್ರಿ ಪೆಟ್ಟಿಗೆ ತೆರೆದು ನೋಡಿದ್ದಾನೆ. ಸರಿ. ಆದರೆ ನೋಡಿದ ಮೇಲೆ ತಿರುಗಿ ಮೊಳೆ ಹೊಡೆದು, ಬಾಟಲಿ ಪೇರಿಸಿ ಹೋಗುವ ವ್ಯವಧಾನ ಅವನಿಗೆಲ್ಲಿತ್ತು? ಈ ಮೊಳೆ ಹೊಡೆದವರು ಇನ್ಯಾರು?

ಯೋಚನೆ ಅಲ್ಲಿಗೇ ನಿಂತಿತು. ಬುರ್ಲೋ ಸನಿಕೆ ಒತ್ತಿದ, ಮುಚ್ಚಳ ಕಿರ್ರೆಂದು ಎದ್ದಿತು. ಮೇಲೆ ಹುಲ್ಲು. ಹುಲ್ಲಿನ ಕೆಳಗೆ ಸೀಸದ ಚೌಕಟ್ಟಿನಲ್ಲಿ ನೀಲಿ ನೆಲ, ಅದರ ಮೇಲೆ ಎರಡು ಬರಿಯ ಪಾದಗಳು. ಗೆರಿನೋ ಆ ಫಲಕವನ್ನು ಮೆಲ್ಲಗೆ ಎತ್ತಿ ಗೋಡೆಗೊರಗಿಸಿದ. ಅದರ ಕೆಳಗೆ ಕಂದು ಬಣ್ಣದ ಉಣ್ಣೆಯ ಕೋಟು. ಕೋಟಿನ ಕಾಲರಿನೊಳಗೆ ತಲೆಬುರುಡೆ. ಹಿಂಭಾಗದಲ್ಲಿ ದುಂಡನೆಯ ತೂತು.

"ಅಯ್ಯೋ ದೇವರೇ," ಎಂದ ಬುರ್ಲೋ.

ಅವನ ಮಾತು ಅಲ್ಲಿಗೇ ನಿಂತಿತು. ತುಂಬಿದ ಬಾಟಲಿಯೊಂದು ಅವನ ಕಿವಿಯ ಮೇಲೆ ಬಿದ್ದು ಬಾಂಬಿನಂತೆ ಸಿಡಿಯಿತು. ಬುರ್ಲೋ ನೊರೆಯ ನಡುವೆ ಮುಗ್ಗರಿಸಿ ಬಿದ್ದ. ಕೆನ್ನೆ ಸೀಳಿ ಹಲ್ಲು ಕಾಣುತ್ತಿತ್ತು.

ಗೆರಿನೋ ಪಿಸ್ತೂಲು ಎಳೆದ. ಆದರೆ ಸನಿಕೆ ಆಗಲೇ ತೆಸ್ತಾರನ ಕೈ ಸೇರಿತ್ತು. ಅದು ಮಣಿಕಟ್ಟಿಗೆ ಬಡಿಯಿತು. ಮೂಳೆ ಮುರಿದ ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಪಿಸ್ತೂಲು ಹುಲ್ಲಿನೊಳಗೆ ಎಲ್ಲೋ ಬಿತ್ತು.

"ಏಳು ವರ್ಷ!" ತೆಸ್ತಾರ್ ಹಲ್ಲು ಕಡಿದ. "ಏಳು ವರ್ಷ ಇದರ ಮೇಲೆ ಮಲಗಿದ್ದೀನಿ ಕಣಯ್ಯಾ! ನೀನು ಯಾವನೋ ಬಂದು ಕೆದಕ್ತೀಯಾ?"

ಎರಡನೆಯ ಏಟನ್ನು ಗೆರಿನೋ ತಪ್ಪಿಸಿಕೊಂಡ. ಸನಿಕೆ ಬಾಟಲಿಗಳ ಸಾಲಿಗೆ ಹೊಕ್ಕಿತು. ಒಂದು ಸಿಡಿದು ಪಕ್ಕದ್ದನ್ನು ಸಿಡಿಸಿತು, ಅದು ಇನ್ನೊಂದನ್ನು. ಗಾಜಿನ ಚೂರು ಮುಖಕ್ಕೆ ರಾಚಿದವು. ಗೆರಿನೋ ತಲೆ ತಗ್ಗಿಸಿ ಗೂಳಿಯಂತೆ ನುಗ್ಗಿ ತೆಸ್ತಾರನ ಹೊಟ್ಟೆಗೆ ಗುದ್ದಿದ. ಇಬ್ಬರೂ ನೊರೆಯಲ್ಲಿ ಜಾರಿ ಉರುಳಿದರು.

ತೆಸ್ತಾರ್ ಮೇಲೆ ಬಂದ. ದ್ರಾಕ್ಷಿಯ ಕರೆ ಹತ್ತಿದ ಅವನ ಹೆಬ್ಬೆರಳುಗಳು ಗಂಟಲ ಗುಳಿಯಲ್ಲಿ ಊರಿದವು.

"ಪಿಸ್ತೂಲು!" ಗೆರಿನೋ ಉಸಿರು ಕಟ್ಟುತ್ತಾ ಕಿರುಚಿದ. "ಕ್ಲೆಮಾನ್ಸ್! ಹುಲ್ಲಲ್ಲಿ... ಪಿಸ್ತೂಲು!"

ದೀಪ ಅಲುಗಾಡಿತು. ಅವಳು ಬಗ್ಗಿ ಹುಲ್ಲಿನಲ್ಲಿ ತಡಕಾಡುವುದು ಮಸುಕಾಗಿ ಕಂಡಿತು. ಗೆರಿನೋಗೆ ಕಣ್ಣು ಕತ್ತಲೆ ಬರುತ್ತಿತ್ತು. ಎಡಗೈಗೆ ಒಡೆದ ಬಾಟಲಿಯ ಕತ್ತು ಸಿಕ್ಕಿತು. ಹಿಡಿದು ಕುರುಡಾಗಿ ಚುಚ್ಚಿದ. ಚೂರು ತೆಸ್ತಾರನ ತೋಳಿನ ಮಾಂಸದಲ್ಲಿ ಇಳಿಯಿತು. ಗೆರಿನೋ ಅದನ್ನು ಒಳಗೇ ತಿರುಚಿದ.

ತೆಸ್ತಾರ್ ಹಂದಿಯಂತೆ ಅರಚಿ ಪಕ್ಕಕ್ಕೆ ಬಿದ್ದ. ಗೆರಿನೋ ಎದ್ದು ಅವನ ದವಡೆಗೆ ಬೂಟಿನಿಂದ ಒದ್ದ. ಮತ್ತೆ ಒದ್ದ. ಬೇಕಾದ್ದಕ್ಕಿಂತ ಒಂದೆರಡು ಹೆಚ್ಚೇ ಒದ್ದ. ಆಮೇಲೆ ಕೋಳದ ಒಂದು ಬಳೆಯನ್ನು ಅವನ ಕೈಗೆ, ಇನ್ನೊಂದನ್ನು ಗೋಡೆಯ ಕಬ್ಬಿಣದ ಉಂಗುರಕ್ಕೆ ಸಿಕ್ಕಿಸಿ, ಬುರ್ಲೋನ ಮೂಗಿನ ಬಳಿ ಕೈ ಹಿಡಿದು ನೋಡಿದ.

ಬುರ್ಲೋ ಉಸಿರಾಡುತ್ತಿದ್ದ, ಅಷ್ಟೇ. ಕ್ಲೆಮಾನ್ಸ್ ದೀಪವನ್ನು ನೆಲಕ್ಕಿಟ್ಟು, ಪಿಸ್ತೂಲು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಹಾಗೇ ಹಿಡ್ಕೊಂಡಿರಮ್ಮ," ಎಂದ ಗೆರಿನೋ. ಆಮೇಲೆ ತೆಸ್ತಾರನ ಕಡೆ ತಿರುಗಿದ. "ಹೇಳು. ಸುಳಿವು ಕೊಟ್ಟವನು ನೀನು. ನೋಯೆಲ್‌ಗೆ ಗೊತ್ತಾಯ್ತು."

ತೆಸ್ತಾರ್ ರಕ್ತ ಉಗುಳಿದ. ಹಲ್ಲೊಂದು ಅದರ ಜೊತೆ ಬಿತ್ತು. "ನನ್ನ ತಮ್ಮ ಅವರ ಜೈಲಲ್ಲಿದ್ದ. ಬಿಡ್ತೀವಿ ಅಂದ್ರು. ಐದು ಹೆಸರು ಕೇಳಿದ್ರು."

"ಬಿಟ್ರಾ?"

"ಹೆಣ ಕೂಡ ಕೊಡಲಿಲ್ಲ."

ತೆಸ್ತಾರ್ ಬಾಯಿಯ ರಕ್ತವನ್ನು ಭುಜಕ್ಕೆ ಒರೆಸಿಕೊಂಡ.

"ನೋಯೆಲ್ ನನ್ನ ಮುಖ ನೋಡಿಯೇ ಪತ್ತೆ ಹಚ್ಚಿದ. ಇಲ್ಲಿಗೆ ಬಾ, ಮಾತಾಡೋಣ ಅಂತ ಹೇಳಿ ಕಳಿಸಿದೆ. ದೀಪ ಹಚ್ಚಿರಲಿಲ್ಲ. ಬಾಗಿಲ ಬೆಳಕಲ್ಲಿ ಕಂಡಿದ್ದು ಅವನ ಕೋಟು, ಅವನ ಟೋಪಿ. ಮೆಟ್ಟಿಲಿಳಿದು ಬಂದು ಆಕಡೆ ತಿರುಗಿದ. ಹಿಂದಿನಿಂದ ಗುಂಡು ಹೊಡೆದೆ. ಮುಖ ನೋಡೋ ಧೈರ್ಯ ಬರಲಿಲ್ಲ. ಕತ್ತಲಲ್ಲೇ ಪೆಟ್ಟಿಗೆಗೆ ತುರುಕಿ, ಮೇಲೆ ಆ ಗಾಜು ಇಟ್ಟು ಮೊಳೆ ಹೊಡೆದೆ."

"ಮೇಸ್ತ್ರಿ ಇದನ್ನ ಕಂಡ, ಅವನನ್ನೂ ಮುಗಿಸಿದೆ."

"ಇಲ್ಲ."

"ತೆಸ್ತಾರ್!"

"ಇಲ್ಲ ಅಂದ್ನಲ್ಲ! ಶನಿವಾರ ದ್ರಾಕ್ಷಿ ಹಿಂಡೋ ಕೊನೆ ದಿನ. ಊರರ್ಧ ನನ್ನ ಅಂಗಳದಲ್ಲೇ ಇತ್ತು, ಬೆಳಗಾಗೋವರೆಗೂ ಕುಡಿದ್ವಿ. ಯಾರನ್ನ ಬೇಕಾದ್ರೂ ಕೇಳು. ಈ ಪೆಟ್ಟಿಗೆ ಯಾರೋ ತೆರೆದಿದಾರೆ ಅಂತ ನನಗೆ ಗೊತ್ತಾಗಿದ್ದೇ ಈಗ, ನಿನ್ನ ಜೊತೆ. ಒಂದು ಕೊಲೆಗೆ ತಲೆ ತೆಗೀತೀಯಾ, ತಕ್ಕೋ. ಮಾಡದೇ ಇರೋದನ್ನ ಯಾಕೆ ಒಪ್ಪಲಿ?"

ಅವನು ಹೇಳುತ್ತಿರುವುದು ನಿಜವೆಂದು ಗೆರಿನೋಗೆ ಅನ್ನಿಸಿತು. ಅದು ಅವನಿಗೆ ಇಷ್ಟವಾಗಲಿಲ್ಲ. ಉರುಳಾಟದಲ್ಲಿ ಪೆಟ್ಟಿಗೆ ವಾಲಿಕೊಂಡಿತ್ತು. ಕೋಟಿನ ಬಲಗಡೆಯ ತೋಳು ಅಂಚಿನಿಂದ ಹೊರಗೆ ಜೋತಿತ್ತು. ತೆಸ್ತಾರ್ ಅದನ್ನು ನೋಡದಿರಲು ಮುಖ ತಿರುಗಿಸಿದ. ಆಮೇಲೆ, ತಡೆಯಲಾಗದೆ, ನೋಡಿದ.

ನೋಡಿದವನು ನೋಡುತ್ತಲೇ ಉಳಿದ.

"ದೀಪ," ಎಂದ. "ದೀಪ ಇತ್ಲಾಗೆ ತನ್ನಿ."

"ಏನದು?"

"ಆ ಕೈ. ಬಲಗೈ ಅದು. ಬೆರಳು ನೋಡಿ ಸಾಹೇಬ್ರೇ."

ಗೆರಿನೋ ದೀಪ ಹಿಡಿದ. ತೋಳಿನ ತುದಿಯಲ್ಲಿ ಒಣಗಿದ ತೊಗಲು ಹಿಡಿದಿಟ್ಟಿದ್ದ ಸಣ್ಣ ಸಣ್ಣ ಎಲುಬುಗಳು. ಐದೂ ಬೆರಳು ಇದ್ದವು.

"ನೋಯೆಲ್‌ಗೆ ಆ ಕೈಲಿ ಮೂರೇ," ಎಂದ ತೆಸ್ತಾರ್. ಅವನ ದನಿ ಮಗುವಿನ ದನಿಯಂತೆ ಸಣ್ಣಗಾಗಿತ್ತು. "ಎರಡು ಬೆರಳು ಜರ್ಮನ್ನರು ನುಗ್ಗಿದ ವರ್ಷ ಗಡಿಯಲ್ಲಿ ಹೋದ್ವು. ಚಾಕ್‌ಪೀಸು ಕೂಡ ಎಡಗೈಲಿ ಹಿಡಿಯೋನು. ಊರಿಗೆಲ್ಲ ಗೊತ್ತು. ಹಾಗಾದ್ರೆ... ಹಾಗಾದ್ರೆ ನಾನು ಹೊಡೆದಿದ್ದು ಯಾರನ್ನ?"

ಗೆರಿನೋ ಕ್ಲೆಮಾನ್ಸಳ ಕಡೆ ತಿರುಗಿದ. ಅವಳ ಮುಖದಲ್ಲಿ ಬೆರಗು ಹುಡುಕಿದ. ಇರಲಿಲ್ಲ. ಸಂತೋಷ ಹುಡುಕಿದ. ಅದೂ ಇರಲಿಲ್ಲ. ಪಿಸ್ತೂಲಿನ ಬಾಯಿ ಈಗ ತೆಸ್ತಾರನ ಕಡೆಗಿರಲಿಲ್ಲ. ಅದು ಗೆರಿನೋನ ಎದೆಗೆ ನೆಟ್ಟಿತ್ತು.

"ಪೆಟ್ಟಿಗೆ ಮುಚ್ಚಿ ಸಾಹೇಬ್ರೇ," ಎಂದಳು.

"ಕ್ಲೆಮಾನ್ಸ್..."

"ಬೇಡ ಅಂತ ಬೆಳಿಗ್ಗೆಯಿಂದ ಹೇಳ್ತಾನೇ ಇದ್ದೀನಿ. ಮೇಸ್ತ್ರಿಗೂ ಹೇಳಿದೆ, ಕಾಲು ಹಿಡಿದು ಹೇಳಿದೆ. ನೀವು ಯಾರೂ ಕೇಳಲ್ಲ." ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅವಳು ರೆಪ್ಪೆ ಬಡಿಯಲಿಲ್ಲ. "ಮುಚ್ಚಿ."

"ಅವನೆಲ್ಲಿದ್ದಾನೆ? ನೋಯೆಲ್ ಎಲ್ಲಿ?"

ಅವಳು ಬಾಯಿ ತೆರೆಯುವ ಮೊದಲೇ ಮೇಲೆ ಬಾಗಿಲಿನ ಅಗುಳಿ ಒಳಗಿನಿಂದ ಬಿದ್ದ ಸದ್ದು ಕೇಳಿತು. ಯಾರೋ ಮೆಟ್ಟಿಲಿಳಿಯುತ್ತಿದ್ದರು. ಅವಸರವಿಲ್ಲದ, ಈ ಮೆಟ್ಟಿಲುಗಳ ಪರಿಚಯವಿದ್ದ ಹೆಜ್ಜೆ. ಬೆಳಕು ತಲುಪದ ತಿರುವಿನಲ್ಲಿ ಅದು ನಿಂತಿತು.

"ಇವರನ್ನ ಹೊಡೀಬೇಡ ಕ್ಲೆಮಾನ್ಸ್," ಎಂದಿತು ಗಂಡಸಿನ ದನಿ, ಪಾಠ ಹೇಳುವವನ ನಿಧಾನದಲ್ಲಿ. "ನಿನ್ನ ಕೈಗೆ ಮೇಸ್ತ್ರಿ ಒಬ್ಬನ ರಕ್ತ ಸಾಕು."

ಆ ದನಿ ಕೇಳಿದ್ದೇ ತಡ, ತೆಸ್ತಾರ್ ಕೋಳ ಹಾಕದ ಕೈಯಿಂದ ಶಿಲುಬೆಯ ಗುರುತು ಮಾಡಿಕೊಂಡು ಗೋಡೆಗೆ ಮುಖ ಹುದುಗಿಸಿ ಅಳತೊಡಗಿದ.

ಕ್ಲೆಮಾನ್ಸ್ ತಿರುಗಿ ನೋಡಲಿಲ್ಲ. ಪಿಸ್ತೂಲನ್ನೂ ಇಳಿಸಲಿಲ್ಲ.

"ನಿನ್ನ ಮುಖ ಇವರು ನೋಡಿಲ್ಲ," ಎಂದಳು ಕತ್ತಲಿಗೆ. "ನಿನ್ನ ಬದಲು ನಿನ್ನ ಕೋಟು ಹಾಕಿ ನೀನು ಕಳಿಸಿದವನು ಯಾರಂತಲೂ ಗೊತ್ತಿಲ್ಲ. ಗೊತ್ತಾಗೋ ಮೊದಲು ನೀನು ವಾಪಸ್ ಹೋಗು."

ಹೆಜ್ಜೆ ಇನ್ನೊಂದು ಮೆಟ್ಟಿಲು ಕೆಳಗಿಳಿಯಿತು. ಅವಳ ಬೆರಳು ಪಿಸ್ತೂಲಿನ ಕುದುರೆಯ ಮೇಲೆ ಬಿಗಿಯಿತು.